ನಮ್ಮ ಓಣಿಗೆ ಹಿಡಿಸುವ ಸಣ್ಣ ಕಾರವಾನ್: ಆಯ್ಕೆ, ಕಾಗದ, ಮಳೆಗಾಲದ ಆರೈಕೆ

ಕಾಸರಗೋಡಿನ ಕಡೆ ಕಾರವಾನಿನ, ಎಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಗಾಡಿಯ, ಮಾತೆದ್ದರೆ ಎಲ್ಲರೂ ಮೊದಲು ಕೇಳುವುದು, "ಒಳಗೆ ಎಷ್ಟು ಜನ ಮಲಗಬಹುದು?" ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಗಾಡಿ ಮನೆಯಂಗಳಕ್ಕೆ ಇಳಿಯಬೇಕು, ಆರ್‌ಟಿಒ ಅದನ್ನು ಒಪ್ಪಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯನ್ನು ಅದು ತಡೆಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಒಳಗಿನ ಮಂಚ, ಒಲೆ, ಪರದೆಗಳಿಗೆ ಹಾಕಿದ ದುಡ್ಡು ಶೀಟಿನ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತ ಕೂರುತ್ತದೆ.

ಸಣ್ಣದೇ ಏಕೆ ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ನಮ್ಮ ಓಡಾಟ ಹೆಚ್ಚಾಗಿ ಪುತ್ತೂರು, ಸುಳ್ಯ, ಮಡಿಕೇರಿ, ಶಿರಸಿ ಕಡೆಗೆ. ನೆಂಟರ ಮನೆ, ದೇವಸ್ಥಾನ, ನಡುವೆ ಒಂದು ಘಾಟಿ. ವಯಸ್ಸಾದ ಅಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಹೊರಟರೆ ದಾರಿಯಲ್ಲಿ ಬೇಕಾಗುವುದು ಎರಡೇ: ಕಾಲು ಚಾಚಲು ಜಾಗ, ಶುಚಿಯಾದ ಟಾಯ್ಲೆಟ್. ಇವೆರಡಕ್ಕೆ ಬಸ್ಸಿನಷ್ಟು ದೊಡ್ಡ ಗಾಡಿ ಬೇಕಿಲ್ಲ.

ಮೊದಲು ಓಣಿಯನ್ನು ಅಳೆಯಿರಿ

ಅಳತೆ ಟೇಪು ಹಿಡಿದು ಮಾರ್ಗದಿಂದ ಅಂಗಳದವರೆಗೆ ನಡೆಯಿರಿ. ಎರಡೂ ಬದಿಯ ಮುರಕಲ್ಲಿನ ಪಾಗಾರದ ನಡುವೆ ಅತಿ ಕಿರಿದಾದ ಜಾಗ ಎಷ್ಟು? ಗೇಟಿನ ಕಂಬಗಳ ನಡುವೆ? ಹಲಸಿನ ಕೊಂಬೆ, ಕರೆಂಟಿನ ವಯರು, ಕೇಬಲ್ಲು ಎಷ್ಟು ಎತ್ತರದಲ್ಲಿವೆ? ಮಾರುತಿ ಇಕೋ 3,675 ಮಿ.ಮೀ. ಉದ್ದ, 1,475 ಮಿ.ಮೀ. ಅಗಲ, 1,825 ಮಿ.ಮೀ. ಎತ್ತರ. ಫೋರ್ಸ್ ಟ್ರಾವೆಲರ್ ಎರಡು ಮೀಟರಿಗಿಂತ ಅಗಲ, ಎರಡೂವರೆ ಮೀಟರಿನ ಆಸುಪಾಸು ಎತ್ತರ. ಕನ್ನಡಿಗಳನ್ನು ಬೇರೆ ಸೇರಿಸಿಕೊಳ್ಳಬೇಕು.

ಟೇಪಿಗಿಂತ ಸುಲಭದ ಪರೀಕ್ಷೆಯೂ ಒಂದಿದೆ. ಮದುವೆಗೆ ದಿಬ್ಬಣ ಕರೆದೊಯ್ಯುವ ಟ್ರಾವೆಲರ್ ನಿಮ್ಮ ಅಂಗಳದವರೆಗೆ ಬರುತ್ತದೆಯೆ, ಇಲ್ಲ ಮಾರ್ಗದ ಬದಿಯಲ್ಲೇ ನಿಂತು ಹಾರ್ನ್ ಹೊಡೆಯುತ್ತದೆಯೆ? ಮಾರ್ಗದಲ್ಲೇ ನಿಲ್ಲುವುದಾದರೆ ಆ ಗಾತ್ರದ ಕಾರವಾನಿನ ಆಸೆ ಬಿಡಿ, ಅಥವಾ ಮಾರ್ಗದ ಬದಿಯಲ್ಲೇ ಶೆಡ್ಡಿಗೆ ಜಾಗ ಹುಡುಕಿ.

ಅಗಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಇಳಿಜಾರು. ಗುಡ್ಡೆಯಿಂದ ತೋಟಕ್ಕಿಳಿಯುವ ಕಾಂಕ್ರೀಟು ದಾರಿ ಕಡಿದಾಗಿ ಇಳಿದು ಒಮ್ಮೆಗೇ ಸಪಾಟಾಗುವ ಕಡೆ, ಹಿಂಚಕ್ರದ ಹಿಂದೆ ಉದ್ದಕ್ಕೆ ಚಾಚಿಕೊಂಡ ಗಾಡಿಯ ಬಾಲ ನೆಲಕ್ಕೆ ಉಜ್ಜುತ್ತದೆ. ನೀರಿನ ಟ್ಯಾಂಕನ್ನು ಹಿಂಬದಿ ಕೆಳಗೆ ನೇತು ಹಾಕಿದ್ದರೆ ಮೊದಲು ಪೆಟ್ಟು ಬೀಳುವುದು ಅದಕ್ಕೇ. ಹಾಗಾಗಿ ಚಕ್ರಗಳ ನಡುವಿನ ಅಂತರ ಹೆಚ್ಚಿದ್ದು, ಬಾಲ ಗಿಡ್ಡವಾಗಿರುವ ಗಾಡಿಯನ್ನೇ ನೋಡಿ.

ಕಾಗದದ ವಿಷಯದಲ್ಲಿ ಅವಸರ ಬೇಡ

ಹೆಚ್ಚಿನವರು ಜಾರುವುದು ಇಲ್ಲೇ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಮಾಲೀಕ ಅದನ್ನು ಮಾರ್ಪಡಿಸುವಂತಿಲ್ಲ. ಈ ವಿಷಯ ಕೇರಳದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ, 2019ರ ಜನವರಿಯಲ್ಲಿ ಕೋರ್ಟು ಹೈಕೋರ್ಟಿನ ಸಡಿಲ ನಿಲುವನ್ನು ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಹಾಗೆಂದು ಕಾರವಾನ್ ನಿಷಿದ್ಧವೇನಲ್ಲ. ಅದಕ್ಕೆಂದೇ ಎಐಎಸ್-124 ಎಂಬ ಮಾನದಂಡವಿದೆ. ಕುರ್ಚಿ ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ವ್ಯವಸ್ಥೆ, ಸಾಮಾನು ಇಡುವ ಜಾಗ, ಈ ನಾಲ್ಕು ಇದ್ದು ಮಾನದಂಡದಂತೆ ಪರೀಕ್ಷೆಯಾಗಿ ಮಂಜೂರಾದ ಗಾಡಿ ಮೋಟಾರ್ ಕಾರವಾನ್ ಎನಿಸಿಕೊಳ್ಳುತ್ತದೆ. ಆದ್ದರಿಂದ ನಮ್ಮ ಮುಂದಿರುವ ನೇರ ದಾರಿ ಎರಡೇ.

ಒಂದು, ಮಂಜೂರಾತಿ ಪಡೆದ ಕಂಪೆನಿಯಿಂದಲೇ ತಯಾರಾದ ಕಾರವಾನ್ ಕೊಳ್ಳುವುದು. ಮುಂಗಡ ಕೊಡುವ ಮೊದಲು ಮಂಜೂರಾತಿ ಪತ್ರದ ಪ್ರತಿ ಕೇಳಿ ತೆಗೆದುಕೊಂಡು, ಕಾಸರಗೋಡು ಆರ್‌ಟಿಒ ಕಚೇರಿಗೆ ಒಯ್ದು, ಕೆಎಲ್ 14ರಲ್ಲಿ ನೋಂದಣಿಗೆ ತೊಡಕಿದೆಯೆ ಎಂದು ವಿಚಾರಿಸಿ. "ಆಮೇಲೆ ಎಲ್ಲ ಮಾಡಿಕೊಡುತ್ತೇವೆ" ಎಂದು ಹೇಳುವವರ ಮಾತು ಬಾಯಿಮಾತಾಗಿಯೇ ಉಳಿಯುತ್ತದೆ.

ಎರಡು, ಗಾಡಿಯನ್ನು ಇದ್ದ ಹಾಗೆಯೇ ಇಟ್ಟು, ಎತ್ತಿ ಇಳಿಸಬಹುದಾದ ಪೆಟ್ಟಿಗೆಗಳಲ್ಲಿ ಮನೆ ಕಟ್ಟುವುದು. ಮಡಚುವ ಮಂಚ, ಒಲೆಯ ಪೆಟ್ಟಿಗೆ, ಬ್ಯಾಟರಿ ಪೆಟ್ಟಿಗೆ ಎಲ್ಲವೂ ಸಾಮಾನಿನ ಹಾಗೆ ಒಳಗಿದ್ದು, ಬೇಡವಾದಾಗ ಚಾವಡಿಗೆ ಬಂದು ಕೂರುತ್ತವೆ. ಸೀಟು ಕಿತ್ತರೆ ಆರ್‌ಸಿಯಲ್ಲಿರುವ ಸೀಟಿನ ಲೆಕ್ಕ ತಪ್ಪುತ್ತದೆ. ಗಾಡಿಯ ಮಾಡಿಗೆ (ಛಾವಣಿಗೆ) ರಂಧ್ರ ಕೊರೆದರೆ, ಎತ್ತರ ಹೆಚ್ಚಿಸಿದರೆ ಅದು ಮಾರ್ಪಾಡು. ಇಕೋ ಕಾರ್ಗೋದಲ್ಲಿ ಹಿಂದೆ ಸೀಟೇ ಇಲ್ಲವಲ್ಲ ಎಂದು ಹಿಗ್ಗುವವರಿದ್ದಾರೆ; ಅದು ಸರಕು ಗಾಡಿ, ಅದರ ಹಿಂಭಾಗ ಮನುಷ್ಯರು ಕೂತು ಹೋಗುವುದಕ್ಕಲ್ಲ.

ಹಳೇ ಟ್ರಾವೆಲರ್ ಕೊಂಡು ಗ್ಯಾರೇಜಿನಲ್ಲಿ ಕೊರೆದು ಬೆಸೆದು ಮಾಡಿಸುವ ಮೂರನೇ ದಾರಿಯನ್ನು ಯಾರಿಗೂ ಹೇಳಲಾರೆ. ದಂಡಕ್ಕಿಂತ ದೊಡ್ಡ ಪ್ರಶ್ನೆ ವಿಮೆಯದ್ದು. ಆರ್‌ಸಿಯಲ್ಲಿ ಹದಿಮೂರು ಸೀಟು, ಒಳಗೆ ಮಂಚ, ಒಲೆ, ಗ್ಯಾಸು. ಬೆಂಕಿಯೋ ಅಪಘಾತವೋ ಆದ ದಿನ ವಿಮೆ ಕಂಪೆನಿಯ ಎದುರು ವಾದಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ಗಡಿಯವರಿಗೆ ಇನ್ನೊಂದು ಮಾತು. ಮಂಗಳೂರಿನಲ್ಲಿ ಸಿಗುತ್ತದೆಂದು ಕೆಎ 19ರ ಸೆಕೆಂಡ್‌ಹ್ಯಾಂಡ್ ಗಾಡಿ ತರುವುದು ನಮಗೆ ಅಭ್ಯಾಸ. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗೆ ಮೀರಿ ನಿಂತರೆ ನೋಂದಣಿ ಬದಲಾಯಿಸಬೇಕು. ಆಗ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಕೇರಳದ ತೆರಿಗೆ, ಇಲ್ಲಿನ ಇನ್ಸ್‌ಪೆಕ್ಟರರ ತಪಾಸಣೆ. ಕರ್ನಾಟಕದಲ್ಲಿ ಯಾರೂ ಕೇಳದ ಮಾರ್ಪಾಡು ಈ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಲೈಸೆನ್ಸಿನ ಚಿಂತೆ ಬೇಡ: ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಗೆ ಲಘು ವಾಹನದ ಲೈಸೆನ್ಸ್ ಸಾಕು. ಆದರೆ ಖಾಸಗಿ ನೋಂದಣಿಯ ಕಾರವಾನನ್ನು ಬಾಡಿಗೆಗೆ ಬಿಟ್ಟು ಸಾಲದ ಕಂತು ಕಟ್ಟುವ ಯೋಚನೆಯನ್ನು ಈಗಲೇ ಕೈಬಿಡಿ.

ಯಾವ ಗಾಡಿ

ಇಬ್ಬರೇ ಆದರೆ, ವರ್ಷಕ್ಕೆ ಕೆಲವೇ ಸಲ ಹೊರಡುವವರಾದರೆ ಇಕೋ ಗಾತ್ರದ ಗಾಡಿ, ಎತ್ತಿ ಇಳಿಸುವ ಪೆಟ್ಟಿಗೆ. ಉಳಿದ ದಿನ ಅದೇ ಗಾಡಿ ಪೇಟೆಗೆ, ಮಕ್ಕಳ ಶಾಲೆಗೆ, ಸೊಸೈಟಿಗೆ ಅಡಿಕೆ ಕೊಡಲು ಹೋಗುತ್ತದೆ. ಒಳಗೆ ಎದ್ದು ನಿಲ್ಲಲಾಗದು, ಟಾಯ್ಲೆಟ್ಟಿಗೆ ಮರೆ ಕಟ್ಟುವುದು ಕಷ್ಟ. ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಎದ್ದು ನಿಲ್ಲುವಷ್ಟು ಎತ್ತರ ಬೇಕೇ ಬೇಕು. ಬಾಗಿಕೊಂಡು ಬಟ್ಟೆ ಬದಲಿಸುವುದು ಅರುವತ್ತು ದಾಟಿದವರಿಗೆ ಶಿಕ್ಷೆ. ಆಗ ಟ್ರಾವೆಲರ್ ಅಥವಾ ಅದೇ ಫೋರ್ಸ್ ಕಂಪೆನಿಯ ಅರ್ಬೇನಿಯಾದ ಗಿಡ್ಡ ಮಾದರಿಯ ಮೇಲೆ ಕಟ್ಟಿದ, ಮಂಜೂರಾದ ಕಾರವಾನ್ ನೋಡಿ. ಒಳಗೆ ಹತ್ತುವ ಮೆಟ್ಟಿಲಿನ ಎತ್ತರವನ್ನು ಅಮ್ಮನಿಂದಲೇ ಹತ್ತಿಸಿ ಪರೀಕ್ಷಿಸಿ.

ನಕಾಶೆ ನೋಡಿ ಒಪ್ಪಬೇಡಿ. ಅಡಿಕೆ ಒಣಗಿಸುವ ಅಂಗಳದಲ್ಲಿ ಗಾಡಿಯ ಒಳ ಅಳತೆಗೆ ಸೀಮೆಸುಣ್ಣದ ಗೆರೆ ಹಾಕಿ, ಮಂಚ, ಒಲೆ, ಟಾಯ್ಲೆಟ್ ಜಾಗಗಳನ್ನು ಗುರುತಿಸಿ, ಇಬ್ಬರೂ ಆ ಗೆರೆಯೊಳಗೆ ಮಲಗಿ. ರಾತ್ರಿ ಒಬ್ಬರು ಎದ್ದು ಹೊರಗೆ ಹೋಗಬೇಕಾದರೆ ಇನ್ನೊಬ್ಬರನ್ನು ತುಳಿಯಬೇಕೆ? ಮಂಚ ಅಡ್ಡಕ್ಕಿದ್ದರೆ ಎತ್ತರದವರ ಕಾಲು ಗೋಡೆಗೆ ಒತ್ತುತ್ತದೆಯೆ? ದಿನಾ ಸಂಜೆ ಮೇಜನ್ನು ಮಂಚವಾಗಿ ಬದಲಿಸುವ ವ್ಯವಸ್ಥೆ ಪ್ರದರ್ಶನದಲ್ಲಿ ಚೆಂದ. ಮೂರನೇ ದಿನ ಯಾರೂ ಮಡಚುವುದಿಲ್ಲ. ಕಾಯಂ ಮಂಚವೇ ವಾಸಿ, ಅದರಡಿಯಲ್ಲಿ ಸಾಮಾನು.

ಕೊಳ್ಳುವ ಮೊದಲು ಬಾಡಿಗೆಗೆ ತೆಗೆದುಕೊಂಡು ಎರಡು ರಾತ್ರಿಯಾದರೂ ಇದ್ದು ನೋಡಿ. ಕೇರಳ ಪ್ರವಾಸೋದ್ಯಮ ಇಲಾಖೆ 2021ರಲ್ಲಿ "ಕೆರವಾನ್ ಕೇರಳ" ಯೋಜನೆ ತಂದ ಮೇಲೆ ಬಾಡಿಗೆಯ ಕಾರವಾನ್ ಹುಡುಕುವುದು ಮೊದಲಿನಷ್ಟು ಕಷ್ಟವಲ್ಲ. ರಾಜ್ಯದ ಮೊದಲ ಕಾರವಾನ್ ಪಾರ್ಕ್ ವಾಗಮಣ್‌ನಲ್ಲಿದೆ. ಎರಡನೇ ದಿನ ಬೆಳಿಗ್ಗೆ ಮನೆಯವರ ಮುಖ ನೋಡಿದರೆ ಕೊಳ್ಳಬೇಕೇ ಬೇಡವೇ ತಿಳಿಯುತ್ತದೆ.

ತೂಕ

ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆದರೆ ಉಳಿಯುವುದು ನಿಮ್ಮ ಪಾಲು. ಅದರಲ್ಲಿ ಮನುಷ್ಯರು, ನೀರು, ಗ್ಯಾಸು, ಮರದ ಕೆಲಸ ಎಲ್ಲ ಬರಬೇಕು. ಎಂಟಡಿ ನಾಲ್ಕಡಿಯ 18 ಮಿ.ಮೀ. ಪ್ಲೈವುಡ್ ಹಲಗೆಯೊಂದೇ ಸುಮಾರು 35 ಕೆ.ಜಿ. ಮನೆಯ ಕಪಾಟು ಮಾಡುವ ಆಚಾರಿಗೆ ಕೆಲಸ ವಹಿಸಿದರೆ ಅವರು ಗಟ್ಟಿಮುಟ್ಟಾಗಿ ಅದನ್ನೇ ಬಳಸುತ್ತಾರೆ, ಹತ್ತು ಹಲಗೆಗೆ 350 ಕೆ.ಜಿ. ಆಯಿತು. ಅಲ್ಯೂಮಿನಿಯಂ ಚೌಕಟ್ಟು, 9 ಅಥವಾ 12 ಮಿ.ಮೀ. ಹಲಗೆ ಸಾಕು ಎಂದು ಮೊದಲೇ ಹೇಳಿ. ಎಲ್ಲ ತುಂಬಿಸಿದ ಮೇಲೆ ಯಾವುದಾದರೂ ವೇಬ್ರಿಡ್ಜಿನಲ್ಲಿ ಒಮ್ಮೆ ಪೂರ್ತಿ ಗಾಡಿಯನ್ನು, ಒಮ್ಮೆ ಹಿಂಚಕ್ರವನ್ನು ಮಾತ್ರ ತೂಗಿಸಿ. ಸಂಪಾಜೆ ಘಾಟಿ ಇಳಿಯುವಾಗ ಈ ತೂಕವೆಲ್ಲ ಬ್ರೇಕಿನ ಮೇಲೆಯೇ ಬೀಳುವುದು. ಹತ್ತಿದ ಗೇರಿನಲ್ಲೇ ಇಳಿಯಿರಿ. ಓಡುವಾಗ ಎಲ್ಲರೂ ಬೆಲ್ಟ್ ಕಟ್ಟಿದ ಸೀಟಿನಲ್ಲಿರಬೇಕು, ಮಂಚದಲ್ಲಿ ಯಾರೂ ಮಲಗಬಾರದು.

ಕರೆಂಟಿನ ಲೆಕ್ಕ

ಒಂದು ಕಾಗದದಲ್ಲಿ ಬರೆಯಿರಿ. 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್ ದಿನಕ್ಕೆ ಸುಮಾರು 400 ವ್ಯಾಟ್ ಅವರ್, 20 ವ್ಯಾಟಿನ ಫ್ಯಾನ್ ಎಂಟು ಗಂಟೆಗೆ 160, ದೀಪ, ನೀರಿನ ಪಂಪು, ಮೊಬೈಲು ಸೇರಿ 150. ಒಟ್ಟು 700ರ ಆಸುಪಾಸು. ಸಾವಿರವಾದರೆ ಕರೆಂಟು ಬಿಲ್ಲಿನ ಒಂದು ಯೂನಿಟ್. 12.8 ವೋಲ್ಟ್, 100 ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1,280 ಇರುತ್ತದೆ. ಒಂದೂವರೆ ದಿನಕ್ಕೆ ಸಾಲುತ್ತದೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಅಗ್ಗ, ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಮೇಲಿಂದ ತೂಕ, ಆಸಿಡ್ಡಿನ ಆವಿ. ಮಲಗುವ ಕೋಣೆಗೆ ಅದು ಸಲ್ಲ.

200 ವ್ಯಾಟಿನ ಸೋಲಾರ್ ಹಲಗೆ ಫೆಬ್ರವರಿಯ ಬಿಸಿಲಿನಲ್ಲಿ ದಿನಕ್ಕೆ 800ರಷ್ಟು ಕೊಟ್ಟೀತು. ಆಟಿಯ (ಜುಲೈ–ಆಗಸ್ಟಿನ) ಮೋಡದಲ್ಲಿ ಅದರ ಕಾಲು ಭಾಗ ನಂಬಿದರೆ ಹೆಚ್ಚು. ಅದಕ್ಕೇ ನಮ್ಮ ಕಡೆಗೆ ಸೋಲಾರಿಗಿಂತ ಮೊದಲು ಬೇಕಾದ್ದು ಡಿಸಿ-ಡಿಸಿ ಚಾರ್ಜರ್. ಗಾಡಿ ಓಡುವಾಗ ಇಂಜಿನಿನ ಆಲ್ಟರ್ನೇಟರಿನಿಂದ (ಕರೆಂಟು ತಯಾರಿಸುವ ಭಾಗದಿಂದ) ಅದು ಒಳಗಿನ ಬ್ಯಾಟರಿ ತುಂಬುತ್ತದೆ. 30 ಆಂಪಿಯರಿನದ್ದಾದರೆ ಒಂದು ಗಂಟೆ ಓಡಿದ್ದಕ್ಕೆ 350ರಿಂದ 400 ವ್ಯಾಟ್ ಅವರ್. ಬರೀ ತಂತಿ ಎಳೆದು ಎರಡು ಬ್ಯಾಟರಿ ಜೋಡಿಸುವ ಹಳೇ ವಿದ್ಯೆ ಈಗಿನ ಬಿಎಸ್-6 ಗಾಡಿಗಳಲ್ಲಿ ನಡೆಯುವುದಿಲ್ಲ. ಹಲವು ಗಾಡಿಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜು ತಾನಾಗಿ ಇಳಿಯುತ್ತಿರುತ್ತದೆ.

ಎಸಿ ಬೇಕೆನ್ನುವವರಿಗೆ: ಒಂದು ಟನ್ನಿನ ಎಸಿ ಸಾವಿರ ವ್ಯಾಟಿನಷ್ಟು ಎಳೆಯುತ್ತದೆ, ಮೇಲೆ ಹೇಳಿದ ಬ್ಯಾಟರಿ ಒಂದು ಗಂಟೆಗೆ ಮುಗಿಯಿತು. ಕರೆಂಟು ಸಿಗುವ ಜಾಗದಲ್ಲಿ ನಿಂತಾಗ ಮಾತ್ರ ಅದು ಪ್ರಯೋಜನಕ್ಕೆ ಬರುವುದು. ಇಂಡಕ್ಷನ್ ಒಲೆಯೂ ಹಾಗೆಯೇ. 1,500 ವ್ಯಾಟ್ ಎಂದರೆ 12 ವೋಲ್ಟಿನ ತಂತಿಯಲ್ಲಿ 125 ಆಂಪಿಯರಿಗೂ ಮಿಕ್ಕಿ ಹರಿಯುತ್ತದೆ, ಸಪೂರ ತಂತಿಯಾದರೆ ಕಾದು ಹೊತ್ತಿಕೊಳ್ಳುತ್ತದೆ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ. ಈ ಒಂದು ಕೆಲಸಕ್ಕೆ ಮನೆ ವಯರಿಂಗ್ ಮಾಡುವವರ ಬದಲು ಡಿಸಿ ಕೆಲಸ ಗೊತ್ತಿರುವವರನ್ನೇ ಹಿಡಿಯಿರಿ.

ಮನೆಯಿಂದ ವಯರು ಎಳೆದು ಚಾರ್ಜ್ ಮಾಡುವಾಗ ಅರ್ತ್ ಮತ್ತು ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಆರುವ ಸ್ವಿಚ್ಚು) ಇರುವ ಪ್ಲಗ್ಗಿನಿಂದಲೇ ಮಾಡಿ. ಏಪ್ರಿಲ್‌–ಮೇ ಮತ್ತು ತುಲಾ ತಿಂಗಳ (ಅಕ್ಟೋಬರ್–ನವೆಂಬರ್) ಸಂಜೆ ಗುಡುಗು ಕೇಳಿದೊಡನೆ ವಯರು ಕಿತ್ತುಬಿಡಿ. ಸಿಡಿಲಿಗೆ ಟಿವಿ, ಮೋಡೆಮ್ ಸುಟ್ಟುಕೊಂಡ ಮನೆಗಳು ನಮ್ಮಲ್ಲಿ ಬೇಕಷ್ಟಿವೆ.

ನೀರು, ಟಾಯ್ಲೆಟ್

ಇಬ್ಬರಿಗೆ ಎರಡು ದಿನಕ್ಕೆ 60 ಲೀಟರ್ ಸಾಕು, ಎಂದರೆ 60 ಕೆ.ಜಿ. ಟ್ಯಾಂಕು ಎರಡು ಚಕ್ರಗಳ ನಡುವೆ, ತಗ್ಗಿನಲ್ಲಿರಲಿ. ಕುಡಿಯುವ ನೀರು ಬೇರೆ ಕ್ಯಾನಿನಲ್ಲಿ. ಸುರಂಗದ (ಗುಡ್ಡ ಕೊರೆದು ಪಡೆಯುವ) ನೀರು ಇರುವವರು ಮನೆಯಿಂದಲೇ ತುಂಬಿಸಿಕೊಳ್ಳಿ, ದಾರಿಯ ನೀರಿಗಿಂತ ನಂಬಿಕಸ್ಥ. ಪಾತ್ರೆ ತೊಳೆದ ನೀರನ್ನು ಮಾರ್ಗಕ್ಕೆ ಬಿಡಬಾರದು. ಅದಕ್ಕೂ ಒಂದು ಟ್ಯಾಂಕು ಬೇಕು, ಅದನ್ನು ದಿನಾ ಖಾಲಿ ಮಾಡಬೇಕು, ಇಲ್ಲವಾದರೆ ಎರಡನೇ ದಿನ ಗಾಡಿಯೆಲ್ಲ ನಾರುತ್ತದೆ.

ಟಾಯ್ಲೆಟ್ಟಿಗೆ 20 ಲೀಟರಿನ ಕ್ಯಾಸೆಟ್ ಮಾದರಿ ಸುಲಭ. ಪೆಟ್ಟಿಗೆ ಎಳೆದು ಒಯ್ದು ಮನೆಯ ಕಮೋಡಿಗೆ ಸುರಿದರಾಯಿತು. ನಾವು ನೀರು ಬಳಸುವವರಾದ್ದರಿಂದ ಕಂಪೆನಿ ಹೇಳುವುದಕ್ಕಿಂತ ಬೇಗ ತುಂಬುತ್ತದೆ. ಇಬ್ಬರಿಗೆ ಎರಡು ದಿನ ಎಂದು ಲೆಕ್ಕ ಇಟ್ಟುಕೊಳ್ಳಿ. ಅದಕ್ಕೆ ಹಾಕುವ ದ್ರಾವಣದಲ್ಲಿ ಫಾರ್ಮಾಲ್ಡಿಹೈಡ್ ಇದ್ದರೆ ಸೆಪ್ಟಿಕ್ ಟ್ಯಾಂಕಿನ ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುತ್ತವೆ, ಅದಿಲ್ಲದ್ದನ್ನೇ ಕೇಳಿ. ತೋಡಿಗೆ, ಹೊಳೆಗೆ ಸುರಿಯುವ ಮಾತೇ ಬೇಡ.

ಅಡುಗೆ

5 ಕೆ.ಜಿ.ಯ ಸಣ್ಣ ಸಿಲಿಂಡರು ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಸಿಲಿಂಡರಿನ ಗೂಡಿನ ತಳದಲ್ಲಿ ಹೊರಕ್ಕೆ ತೆರೆಯುವ ರಂಧ್ರವಿರಲೇಬೇಕು. ಎತ್ತಿ ಇಳಿಸುವ ಪೆಟ್ಟಿಗೆಯ ಗಾಡಿಯಾದರೆ ಒಲೆಯನ್ನು ಹೊರಗಿಟ್ಟೇ ಹಚ್ಚಿ. ಒಲೆ ಉರಿಸಿ ಚಳಿ ಕಾಯುವ ಕೆಲಸ ಮಡಿಕೇರಿಯಲ್ಲೂ ಬೇಡ. ಮುಚ್ಚಿದ ಗಾಡಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ. ಕುಚ್ಚಲಕ್ಕಿ ಇಲ್ಲದೆ ಆಗದು ಎನ್ನುವವರು ಥರ್ಮಲ್ ಕುಕ್ಕರ್ ಒಯ್ಯಿರಿ: ಬೆಳಿಗ್ಗೆ ಒಂದು ಕುದಿ ಬರಿಸಿ ಪೆಟ್ಟಿಗೆಯಲ್ಲಿಟ್ಟರೆ ಮಧ್ಯಾಹ್ನಕ್ಕೆ ಗಂಜಿಯೂಟ ತಯಾರು, ಗ್ಯಾಸೂ ಉಳಿಯಿತು, ಒಳಗೆ ಹಬೆಯೂ ತುಂಬಲಿಲ್ಲ. ಹಪ್ಪಳ ಕರಿಯುವುದಾದರೆ ಹೊರಗೆ.

ಮಳೆಗಾಲ

ಕಾಸರಗೋಡಿನ ಕಾರವಾನನ್ನು ಹಾಳು ಮಾಡುವುದು ಓಟವಲ್ಲ, ತೇವ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಾಗದಲ್ಲಿ ಮಾಡಿನ ಒಂದೊಂದು ರಂಧ್ರವೂ ಸೋರಲು ಕಾಯುತ್ತಿರುತ್ತದೆ. ಫ್ಯಾನು, ಸೋಲಾರಿನ ಕಾಲು, ತಂತಿ ಇಳಿಯುವ ಜಾಗ, ಇಲ್ಲೆಲ್ಲ ಬ್ಯೂಟೈಲ್ ಟೇಪು ಹಾಕಿ ಮೇಲಿಂದ ಪಾಲಿಯುರೆಥೇನ್ ಸೀಲೆಂಟ್ ಬಳಿದಿದ್ದಾರೆಯೆ ಎಂದು ಕೇಳಿ. ಬರೀ ಸಿಲಿಕೋನ್ ಬಳಿದಿದ್ದರೆ ಮುಂದೆ ತೊಂದರೆ. ಹಳೇ ಸಿಲಿಕೋನಿನ ಮೇಲೆ ಹೊಸದು ಹಿಡಿಯುವುದಿಲ್ಲ, ಎಲ್ಲವನ್ನೂ ಕೆರೆದು ತೆಗೆಯಬೇಕು. ಸೆಕೆಂಡ್‌ಹ್ಯಾಂಡ್ ಗಾಡಿಯನ್ನು ಜುಲೈಯಲ್ಲೇ ನೋಡಲು ಹೋಗಿ. ಮಾರ್ಚಿನಲ್ಲಿ ಎಲ್ಲ ಗಾಡಿಯೂ ಒಣಗಿಯೇ ಇರುತ್ತದೆ. ಮೂಲೆಗಳಲ್ಲಿ ಹಲಗೆಯನ್ನು ಬೆರಳಿನಿಂದ ಒತ್ತಿ, ಮೂಗಿನಿಂದ ಮೂಸಿ.

ಹೊರಗಿನ ನೀರು ನಿಂತರೂ ಒಳಗಿನದ್ದು ಇದ್ದೇ ಇದೆ. ಇಬ್ಬರ ಉಸಿರಿನಿಂದಲೇ ಒಂದು ರಾತ್ರಿಗೆ ಅರ್ಧ ಲೀಟರಿನ ಆಸುಪಾಸು ನೀರು ಗಾಳಿಗೆ ಸೇರುತ್ತದೆ. ತಗಡಿಗೆ ತಾಗಿ ಅದು ಹನಿಯಾಗುತ್ತದೆ, ಹಾಸಿಗೆಯ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಒಣ ಊರಿನವರು ಹೇಳುವ "ಕಿಟಕಿ ತೆರೆದಿಡಿ" ಎಂಬ ಉಪಾಯ ನಮ್ಮಲ್ಲಿ ಅರ್ಧವೇ ಸರಿ, ಏಕೆಂದರೆ ಹೊರಗಿನ ಗಾಳಿಯೂ ಒದ್ದೆಯೇ. ಗಾಡಿಯ ಸ್ವಂತ ಎಸಿ ಇಲ್ಲಿ ಉಪಕಾರಿ. ರಾತ್ರಿ ನಿಲ್ಲುವ ಮೊದಲಿನ ಅರ್ಧ ಗಂಟೆ ಎಸಿ ಹಾಕಿಕೊಂಡು ಓಡಿಸಿದರೆ ಒಳಗಿನ ಬಟ್ಟೆ, ಹಾಸಿಗೆಯ ತೇವ ಹೊರಗೆ ಹೋಗುತ್ತದೆ. ಆಮೇಲೆ ಎದುರುಬದುರು ಎರಡು ಸಣ್ಣ ಸಂದು, ಸಣ್ಣ ಫ್ಯಾನು. ಹಾಸಿಗೆಯನ್ನು ಹಲಗೆಯ ಮೇಲೆ ನೇರ ಹಾಕಬೇಡಿ. ಕೆಳಗೆ ಗಾಳಿಯಾಡುವ ಪಟ್ಟಿಗಳಿರಲಿ. ಸ್ಪಂಜಿಗಿಂತ ರಬ್ಬರು ಸೇರಿಸಿದ ತೆಂಗಿನ ನಾರಿನ ಹಾಸಿಗೆ ಬೇಗ ಒಣಗುತ್ತದೆ.

ಕಡಲ ಬದಿಯ ಉಪ್ಪುಗಾಳಿ ಇನ್ನೊಂದು ಶತ್ರು. ಕುಂಬಳೆ, ಮಂಜೇಶ್ವರದ ಕಡಲ ತೀರದಲ್ಲಿ ತಂಗಿ ಬಂದರೆ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹೊಡೆಯಿರಿ. ಬಾಗಿಲುಗಳ ತಳದಲ್ಲಿರುವ ನೀರು ಇಳಿಯುವ ತೂತುಗಳಿಗೆ ತರಗೆಲೆ ಸಿಕ್ಕಿದರೆ ತುಕ್ಕು ಒಳಗಿನಿಂದಲೇ ಶುರು. ಮರಳಿಗೆ ಇಳಿಸುವ ಸಾಹಸ ಬೇಡ, ತೂಕದ ಗಾಡಿ ಹೂತರೆ ಕ್ರೇನೇ ಬರಬೇಕು.

ರಾತ್ರಿ ಎಲ್ಲಿ ನಿಲ್ಲಿಸುವುದು

ಸಣ್ಣ ಗಾಡಿಯ ಅತಿ ದೊಡ್ಡ ಲಾಭ ನೆಂಟರ ಅಂಗಳ. ಅವರ ಮನೆಯಲ್ಲಿ ಊಟ, ನಿಮ್ಮ ಗಾಡಿಯಲ್ಲಿ ನಿದ್ದೆ, ಯಾರಿಗೂ ಹಾಸಿಗೆ ಹೊಂದಿಸುವ ತಾಪತ್ರಯವಿಲ್ಲ. ಅತ್ತಿಗೆ ಬೇಸರ ಮಾಡಿಕೊಂಡರೆ ಒಂದು ರಾತ್ರಿ ಒಳಗೆ ಮಲಗಿ ಎನ್ನಿ, ಅಷ್ಟೇ.

ದೇವಸ್ಥಾನದ ವಠಾರದಲ್ಲಿ ನಿಲ್ಲಿಸುವುದಾದರೆ ಕಚೇರಿಯಲ್ಲಿ ಕೇಳಿಯೇ ನಿಲ್ಲಿಸಿ, ಅಲ್ಲಿ ಅಡುಗೆ ಮಾಡಬೇಡಿ. ಜಾತ್ರೆಯ ದಿನ ಮಧೂರಿಗೋ ಅಡೂರಿಗೋ ಗಾಡಿ ಒಯ್ದು ಜಾಗ ಕೇಳುವುದು ಸರಿಯಲ್ಲ. ಬೇಕಲ ಕೋಟೆ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ; ಹಗಲು ನೋಡಿ ಬರುವುದು, ಅಷ್ಟೇ. ರಾಣಿಪುರದಂಥ ಅರಣ್ಯದ ಜಾಗದಲ್ಲಿ ಅನುಮತಿಯಿಲ್ಲದೆ ರಾತ್ರಿ ಉಳಿಯುವಂತಿಲ್ಲ. ಹೆದ್ದಾರಿಯಲ್ಲಿ, ರಾತ್ರಿಯಿಡೀ ತೆರೆದಿರುವ ಪೆಟ್ರೋಲ್ ಬಂಕಿನ ಮೂಲೆ ಸುರಕ್ಷಿತ. ಡೀಸೆಲ್ ಹಾಕಿಸಿ ಮ್ಯಾನೇಜರಿಗೆ ಒಂದು ಮಾತು ಹೇಳಿದರೆ ಹೆಚ್ಚಾಗಿ ಬೇಡ ಎನ್ನುವುದಿಲ್ಲ. ಕಾಂಞಂಗಾಡಿನ ಆಚೆ ಮಲಯಾಳದಲ್ಲಿ, ತಲಪಾಡಿಯ ಆಚೆ ತುಳುವಿನಲ್ಲಿ ಕೇಳಿದರೆ ಕೆಲಸ ಬೇಗ ಆಗುತ್ತದೆ. ಗಡಿನಾಡಿನವರಿಗೆ ಇದನ್ನು ಹೇಳಬೇಕಿಲ್ಲ.

ಗಾಡಿಯ ಎತ್ತರವನ್ನು ಸ್ಟಿಯರಿಂಗ್ ಎದುರು ಬರೆದು ಅಂಟಿಸಿ. ರೈಲು ಸೇತುವೆಯಡಿ, ಹೆದ್ದಾರಿ 66ರ ಸಣ್ಣ ಅಂಡರ್‌ಪಾಸುಗಳಲ್ಲಿ ಬೋರ್ಡು ನೋಡಿ ನುಗ್ಗಬೇಕು. ವಯನಾಡಿನಿಂದ ಗುಂಡ್ಲುಪೇಟೆಗೆ ಹೋಗುವವರು ನೆನಪಿಡಿ: ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮಳೆ ಜೋರಿರುವಾಗ ಘಾಟಿಯ ಬದಿಯಲ್ಲಿ ತಂಗಬೇಡಿ. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ದಾರಿಯೇ ಕಡಿದುಹೋಗಿತ್ತು.

ಮನೆಯಲ್ಲಿ ನಿಂತಿರುವಾಗ

ವರ್ಷದ ಹೆಚ್ಚಿನ ದಿನ ಗಾಡಿ ಅಂಗಳದಲ್ಲೇ ಇರುತ್ತದೆ. ತೆಂಗು, ಹಲಸಿನ ಮರದಡಿ ನಿಲ್ಲಿಸಬೇಡಿ. ಅಡಿಕೆಗೆ ಮದ್ದು ಬಿಡುವ ದಿನ ತೋಟದ ಬದಿಯಿಂದ ಸರಿಸಿ. ಬೋರ್ಡೋ ದ್ರಾವಣ ಸೋಲಾರ್ ಹಲಗೆಗೂ ಪೇಂಟಿಗೂ ಹಿಡಿದರೆ ಕಲೆ ಹೋಗುವುದಿಲ್ಲ, ಅದರಲ್ಲಿರುವ ಮೈಲುತುತ್ತು ಲೋಹವನ್ನೂ ತಿನ್ನುತ್ತದೆ. ಟರ್ಪಾಲನ್ನು ಮೈಗೆ ತಾಗುವಂತೆ ಹೊದೆಸಿದರೆ ಒಳಗೆ ತೇವ ಕೂತು ಪೇಂಟು ಉಬ್ಬುತ್ತದೆ. ನಾಲ್ಕು ಕಂಬ, ಮೇಲೊಂದು ಶೀಟಿನ ಮಾಡು, ಬದಿಗಳು ತೆರೆದಿರಲಿ.

ಇಲಿಗೆ ಎಷ್ಟು ಮದ್ದಿಟ್ಟರೂ ಕಡಿಮೆಯೇ. ಒಳಗೆ ಒಂದು ಕಾಳು ಅಕ್ಕಿಯನ್ನೂ ಬಿಡಬೇಡಿ, ಗಾಳಿಕಿಂಡಿಗಳಿಗೆಲ್ಲ ಸ್ಟೀಲಿನ ಜಾಲಿ ಹೊಡೆಸಿ, ಬಾನೆಟ್ಟನ್ನು ವಾರಕ್ಕೊಮ್ಮೆ ಎತ್ತಿ ನೋಡಿ. ಫ್ರಿಜ್ಜಿನ ಬಾಗಿಲು ಅರೆ ತೆರೆದಿಡಿ, ನೀರಿನ ಟ್ಯಾಂಕು ಪೂರ್ತಿ ಖಾಲಿ ಮಾಡಿ. ಲಿಥಿಯಂ ಬ್ಯಾಟರಿಯನ್ನು ಅರ್ಧದಷ್ಟು ಚಾರ್ಜಿನಲ್ಲಿಟ್ಟು ಸ್ವಿಚ್ಚು ಆರಿಸಿ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿದರೆ ಬ್ರೇಕು ಹಿಡಿದುಕೊಳ್ಳುವುದೂ ಟಯರು ಒಂದೇ ಕಡೆ ಚಪ್ಪಟೆಯಾಗುವುದೂ ತಪ್ಪುತ್ತದೆ.

ಕಡಿಮೆ ಓಡುವ ಗಾಡಿಯ ಟಯರು ಸವೆಯುವುದಿಲ್ಲ, ಹಳತಾಗುತ್ತದೆ. ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕೆ ಓದಿ: 3522 ಎಂದಿದ್ದರೆ 2022ರ 35ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಟಯರಿನ ಮೇಲಿನ ಗೆರೆ ಎಷ್ಟೇ ಆಳವಿದ್ದರೂ, ಬದಿಯಲ್ಲಿ ಬಿರುಕು ಕಾಣದಿದ್ದರೂ, ಘಾಟಿ ಹತ್ತುವ ಮೊದಲು ಬದಲಾಯಿಸಿ.